ಸ್ಟೆಂಟ್ ಹಾಕಿದ ಮೇಲೂ ಅಪ್ಪನ ನಾಡಿ ಏರುತ್ತಿಲ್ಲ: ಪೇಸ್‌ಮೇಕರ್‌ಗೆ ಯಾಕೆ ಕಾಯಿಸುತ್ತಿದ್ದಾರೆ?

ಪ್ರಶ್ನೆ: ನಮ್ಮ ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ ಇದೆ. ನಾಲ್ಕು ದಿನದ ಹಿಂದೆ ಬೆಳಗಿನ ಜಾವ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಶುರುವಾಯಿತು. ವಾಂತಿ, ಮೈಯೆಲ್ಲ ಬೆವರು. ಗ್ಯಾಸ್ ಅಂದುಕೊಂಡು ಎರಡು ಗಂಟೆ ಸುಮ್ನೆ ಕೂತೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ‘ಇನ್‌ಫೀರಿಯರ್ ವಾಲ್ ಹಾರ್ಟ್ ಅಟ್ಯಾಕ್’ ಎಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ಹೋಗುವ ಹೊತ್ತಿಗೆ ನಾಡಿ 38ಕ್ಕೆ ಇಳಿದಿತ್ತು. ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ ಎಂದು ತೊಡೆಯ ಮೂಲಕ ತಾತ್ಕಾಲಿಕ ಪೇಸ್‌ಮೇಕರ್ ತಂತಿ ಇಟ್ಟರು. ಬಲ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ರಕ್ತ ಚೆನ್ನಾಗಿ ಹರಿಯುತ್ತಿದೆ ಅಂತಾರೆ, ಆದರೆ ಕೇಸ್ ಶೀಟಿನಲ್ಲಿ ಈಗಲೂ ಹಾರ್ಟ್ ಬ್ಲಾಕ್ ಅಂತಲೇ ಇದೆ. ಸ್ಟೆಂಟ್ ಕೆಲಸ ಮಾಡಿಲ್ಲವಾ? ಶಾಶ್ವತ ಪೇಸ್‌ಮೇಕರ್ ಹಾಕಿ ಎಂದರೆ ‘ಇನ್ನೂ ಕೆಲವು ದಿನ ನೋಡೋಣ’ ಅಂತಾರೆ. ನಮ್ಮ ಭಾವನ ಅಣ್ಣನಿಗೆ ‘ಆಂಟೀರಿಯರ್’ ಅಟ್ಯಾಕ್ ಆದಾಗಲೂ ಹೀಗೇ ನಾಡಿ ಬಿದ್ದಿತ್ತು. ಅವರಿಗೆ ವಾರದೊಳಗೆ ಹಾಕಿದರು. ಇವರು ತಡ ಮಾಡುತ್ತಿದ್ದಾರಾ? ಒಮ್ಮೆ ಹಾಕಿಸಿದರೆ ಹೃದಯ ಸೋಮಾರಿ ಆಗುತ್ತದೆ ಅಂತಲೂ ಹೇಳುತ್ತಾರೆ. ಅಪ್ಪ ತೋಟದಲ್ಲಿ ಪಂಪ್‌ಸೆಟ್ ನಡೆಸುವವರು. ಇನ್ನೊಂದು ವಿಷಯ: ನನಗೆ 36. ಕಳೆದ ವರ್ಷ ಆಫೀಸಿನ ಚೆಕಪ್‌ನಲ್ಲಿ ‘ಆರ್‌ಬಿಬಿಬಿ’ ಅಂತ ಬಂದಿತ್ತು. ಅದೂ ಇದಕ್ಕೆ ಸಂಬಂಧಪಟ್ಟದ್ದಾ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ನೀವು ಬರೆದಿರುವುದನ್ನು ನೋಡಿದರೆ, ಈ ಹೊತ್ತಿಗೆ ಕಾಯುವುದೇ ಸರಿಯಾದ ಚಿಕಿತ್ಸೆ ಅನ್ನಿಸುತ್ತದೆ. ನಿಮ್ಮ ತಂದೆಗೆ ಆಗಿರುವುದು ಮತ್ತು ನಿಮ್ಮ ಭಾವನ ಅಣ್ಣನಿಗೆ ಆದದ್ದು ಹೊರಗಿನಿಂದ ಒಂದೇ ಥರ ಕಾಣುತ್ತದೆ. ಎರಡರಲ್ಲೂ ಹಾರ್ಟ್ ಅಟ್ಯಾಕ್, ಎರಡರಲ್ಲೂ ನಾಡಿ ನಿಧಾನ. ಆದರೆ ಒಳಗೆ ಪೆಟ್ಟು ಬಿದ್ದ ಜಾಗ ಬೇರೆ. ಯಾವ ರಕ್ತನಾಳ ಮುಚ್ಚಿತು ಎಂಬುದರ ಮೇಲೆ ಹೃದಯದ ವಿದ್ಯುತ್ ದಾರಿಯ ಯಾವ ಭಾಗ ಸೊರಗಿತು ಎಂಬುದು ನಿಂತಿದೆ. ಅದು ತಾನಾಗಿ ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂಬುದೂ ಬಹುಮಟ್ಟಿಗೆ ಅದರಿಂದಲೇ ಗೊತ್ತಾಗುತ್ತದೆ.

ಮೊದಲು ಸ್ಟೆಂಟ್ ಬಗೆಗಿನ ಆತಂಕ. ನಾವು ಡಾಕ್ಟರುಗಳು ಎರಡು ಬೇರೆ ತೊಂದರೆಗಳಿಗೂ ‘ಬ್ಲಾಕ್’ ಅಂತಲೇ ಹೇಳಿ ಮನೆಯವರನ್ನು ಗೊಂದಲಕ್ಕೆ ತಳ್ಳುತ್ತೇವೆ. ಸ್ಟೆಂಟ್ ಹಾಕಿ ತೆಗೆದದ್ದು ರಕ್ತನಾಳದೊಳಗಿನ ಅಡಚಣೆ. ಕೇಸ್ ಶೀಟಿನಲ್ಲಿ ಉಳಿದಿರುವ ‘ಹಾರ್ಟ್ ಬ್ಲಾಕ್’ ವಿದ್ಯುತ್ ಸಂಕೇತದ ದಾರಿಯಲ್ಲಿರುವ ತಡೆ. ಮೊದಲನೆಯದು ಸರಿಹೋದ ತಕ್ಷಣ ಎರಡನೆಯದೂ ಸರಿಹೋಗಬೇಕೆಂದಿಲ್ಲ. ರಕ್ತ ಇಲ್ಲದೆ ಸೊರಗಿದ್ದ ಜೀವಕೋಶಗಳಿಗೆ ಸುಧಾರಿಸಿಕೊಳ್ಳಲು ಸಮಯ ಬೇಕು. ಸ್ಟೆಂಟ್ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ನಾಡಿ ಕೆಲವು ದಿನ ನಿಧಾನವಾಗಿಯೇ ಇರಬಹುದು.

ಈಗ ಆ ವಿದ್ಯುತ್ ದಾರಿ ಹೇಗಿದೆ ನೋಡೋಣ. ಇದು ಗೊತ್ತಿದ್ದರೆ ಐಸಿಯು ಬಾಗಿಲಲ್ಲಿ ಡಾಕ್ಟರ್ ಹೇಳುವ ಮಾತು ಅರ್ಧಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಹೃದಯದ ಬಲಗಡೆ ಮೇಲಿನ ಕೋಣೆಗೆ ದೊಡ್ಡ ಅಭಿಧಮನಿ ಬಂದು ಸೇರುವ ಜಾಗದಲ್ಲಿ ಎಸ್‌ಎ ನೋಡ್ ಇದೆ. ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ತಾನೇ ಸಂಕೇತ ಹುಟ್ಟಿಸುತ್ತದೆ. ಆ ಸಂಕೇತ ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ಮೇಲಿನ ಮತ್ತು ಕೆಳಗಿನ ಕೋಣೆಗಳು ಸೇರುವಲ್ಲಿ, ನಡುಗೋಡೆಯ ಬುಡದಲ್ಲಿರುವ ಎವಿ ನೋಡ್‌ಗೆ ಬರುತ್ತದೆ. ಇಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನಿಧಾನವಾಗುತ್ತದೆ. ಈ ತಡ ಬೇಕೇ ಬೇಕು. ಮೇಲಿನ ಕೋಣೆಗಳು ರಕ್ತವನ್ನು ಪೂರ್ತಿ ಕೆಳಗೆ ಇಳಿಸಿದ ಮೇಲೇ ಕೆಳಗಿನ ಕೋಣೆಗಳು ಹಿಂಡಬೇಕು.

ಎವಿ ನೋಡ್ ದಾಟಿದರೆ ಹಿಸ್ ಬಂಡಲ್ ಎಂಬ ಸಣ್ಣ ಕಟ್ಟು. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ಹರಿಯದ ನಾರಿನ ಪದರ ಇದೆ. ಸಾಮಾನ್ಯ ಹೃದಯದಲ್ಲಿ ಅದನ್ನು ತೂರಿ ಹೋಗುವ ದಾರಿ ಇದೊಂದೇ. ಅಲ್ಲಿಂದ ಬಲಕ್ಕೆ ಒಂದು, ಎಡಕ್ಕೆ ಒಂದು ಕವಲು. ಬಲ ಕವಲು ಸಪೂರ ದಾರದಂತಿದೆ. ಎಡ ಕವಲು ಅಗಲವಾಗಿ ಹರಡಿ, ಮುಖ್ಯವಾಗಿ ಮುಂದಿನದು, ಹಿಂದಿನದು ಎಂದು ಎರಡಾಗುತ್ತದೆ. ಕೊನೆಗೆ ಪರ್ಕಿಂಜೆ ಎಳೆಗಳು. ಇವುಗಳಲ್ಲಿ ಸಂಕೇತ ಸೆಕೆಂಡಿಗೆ 2ರಿಂದ 4 ಮೀಟರ್ ವೇಗದಲ್ಲಿ ಓಡುತ್ತದೆ. ಕೆಳಗಿನ ಎರಡೂ ಕೋಣೆಗಳು ಒಟ್ಟಿಗೆ ಹಿಂಡುವುದು ಈ ವೇಗದಿಂದಲೇ.

ಇಷ್ಟು ಪುಟ್ಟ ದಾರಿಯನ್ನು ಕಂಡುಹಿಡಿಯಲು ಮನುಷ್ಯರಿಗೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಅದೂ ತುದಿಯಿಂದ ಬುಡಕ್ಕೆ. ಪರ್ಕಿಂಜೆ 1839ರಲ್ಲಿ ಕೊನೆಯ ಎಳೆಗಳನ್ನು ನೋಡಿದರು. ವಿಲ್ಹೆಲ್ಮ್ ಹಿಸ್ 1893ರಲ್ಲಿ ಬಂಡಲ್ ಬಗ್ಗೆ ಬರೆದರು. ಜಪಾನಿನಿಂದ ಜರ್ಮನಿಯ ಮಾರ್ಬುರ್ಗ್‌ಗೆ ಓದಲು ಹೋಗಿದ್ದ ಸುನಾವೊ ತವಾರಾ 1906ರಲ್ಲಿ ಎವಿ ನೋಡ್ ತೋರಿಸಿ, ಇವೆಲ್ಲ ಒಂದೇ ದಾರಿ ಎಂದು ಜೋಡಿಸಿದರು. ಮಾರನೇ ವರ್ಷ ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಮತ್ತು ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್ ಎಸ್‌ಎ ನೋಡ್ ಪತ್ತೆ ಮಾಡಿದರು. ಬಡಿತ ಹುಟ್ಟುವ ಜಾಗವೇ ಎಲ್ಲಕ್ಕಿಂತ ಕೊನೆಗೆ ಸಿಕ್ಕಿತು. ತವಾರಾ ಬರೆದದ್ದನ್ನು ಇವತ್ತಿಗೂ ನಾವು ದಿನಾ ಬಳಸುತ್ತೇವೆ. ಹಾಗಾಗಿ ಅವರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಈ ದಾರಿಗೂ ರಕ್ತ ಬೇಕಲ್ವಾ? ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಹೃದಯಕ್ಕೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು. ಬಲಗಡೆ ಆರ್‌ಸಿಎ. ಎಡಗಡೆ ಒಂದು ಕಾಂಡ ಹೊರಟು ಎರಡಾಗುತ್ತದೆ: ಮುಂಭಾಗದಲ್ಲಿ ಇಳಿಯುವ ಎಲ್‌ಎಡಿ, ಪಕ್ಕದಿಂದ ಹಿಂದಕ್ಕೆ ಸುತ್ತುವ ಸರ್ಕಮ್‌ಫ್ಲೆಕ್ಸ್. ಎಸ್‌ಎ ನೋಡ್‌ಗೆ ಹೋಗುವ ಸಣ್ಣ ನಾಳ ನೂರರಲ್ಲಿ ಸುಮಾರು 60 ಜನರಲ್ಲಿ ಆರ್‌ಸಿಎಯಿಂದ ಬರುತ್ತದೆ, ಉಳಿದವರಲ್ಲಿ ಹೆಚ್ಚಾಗಿ ಸರ್ಕಮ್‌ಫ್ಲೆಕ್ಸ್‌ನಿಂದ. ಎವಿ ನೋಡ್ ವಿಷಯದಲ್ಲಿ ಬಲಗಡೆಯ ಪಾಲು ಇನ್ನೂ ದೊಡ್ಡದು. ನೂರರಲ್ಲಿ 85ರಿಂದ 90 ಜನರಲ್ಲಿ ಅದಕ್ಕೆ ರಕ್ತ ಕೊಡುವುದು ಆರ್‌ಸಿಎ. ಇದೇ ನಾಳ ಹೃದಯದ ತಳಭಾಗಕ್ಕೂ ರಕ್ತ ಕೊಡುತ್ತದೆ. ಆ ತಳದ ಗೋಡೆಯೇ ನಿಮ್ಮ ಚೀಟಿಯಲ್ಲಿ ಬರೆದಿರುವ ‘ಇನ್‌ಫೀರಿಯರ್ ವಾಲ್’. ನಿಮ್ಮ ತಂದೆಯಲ್ಲಿ ತಳದ ಗೋಡೆ ಮತ್ತು ಎವಿ ನೋಡ್ ಎರಡೂ ಒಟ್ಟಿಗೆ ಸೊರಗಿದ್ದು ಇದರಿಂದ.

ತಳದ ಗೋಡೆಯಲ್ಲಿ ವೇಗಸ್ ನರದ ತುದಿಗಳು ಜಾಸ್ತಿ. ಆ ನರ ಕೆರಳಿದರೆ ವಾಂತಿ ಬರುತ್ತದೆ, ಬೆವರು ಬರುತ್ತದೆ, ನಾಡಿ ಇಳಿಯುತ್ತದೆ. ನಿಮ್ಮ ತಂದೆಗೆ ಗ್ಯಾಸ್ ಥರ ಕಂಡದ್ದು ಇದೇ ಕಾರಣಕ್ಕೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಸ್ಪಷ್ಟವಾಗಿ ಕಾಣದಿರುವುದೂ ಉಂಟು. ಎರಡು ಗಂಟೆ ಕಾದೆವು ಎಂದು ನೀವು ನಿಮ್ಮನ್ನು ದೂರಿಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿದಿರಿ, ಇಂಜೆಕ್ಷನ್ ಅಲ್ಲೇ ಸಿಕ್ಕಿತು. ನೇರವಾಗಿ ದೂರದ ಆಸ್ಪತ್ರೆಗೆ ಹೊರಟಿದ್ದರೆ ದಾರಿಯಲ್ಲೇ ಇನ್ನಷ್ಟು ಮಾಂಸಖಂಡ ಸಾಯುತ್ತಿತ್ತು.

ಆರ್‌ಸಿಎ ಮುಚ್ಚಿದರೂ ಎವಿ ನೋಡ್ ಪೂರ್ತಿ ಸಾಯುವುದು ಅಪರೂಪ. ಎಲ್‌ಎಡಿಯ ಸಣ್ಣ ಕವಲುಗಳಿಂದಲೂ ಆ ಜಾಗಕ್ಕೆ ಸ್ವಲ್ಪ ರಕ್ತ ಬರುತ್ತದೆ. ಎರಡು ಕಾಲುವೆಯ ನೀರು ಸಿಗುವ ಗದ್ದೆ ಒಂದು ಕಾಲುವೆ ನಿಂತರೆ ಬಾಡುತ್ತದೆ, ಒಣಗಿ ಹೋಗುವುದಿಲ್ಲ. ಹಾಗಾಗಿ ಇಲ್ಲಿನ ತಡೆ ಬಹಳಷ್ಟು ಜನರಲ್ಲಿ ತಾತ್ಕಾಲಿಕ. ಕೆಲವರಲ್ಲಿ ಗಂಟೆಗಳಲ್ಲಿ ಸರಿಹೋಗುತ್ತದೆ, ಕೆಲವರಲ್ಲಿ ನಾಲ್ಕೈದು ದಿನ ಬೇಕು. ಒಮ್ಮೊಮ್ಮೆ ಎರಡು ವಾರದವರೆಗೂ ಎಳೆಯುತ್ತದೆ. ಈ ಅವಧಿಯಲ್ಲಿ ನೋಡ್‌ನ ಕೆಳಭಾಗ ಅಥವಾ ಹಿಸ್ ಬಂಡಲ್ ಬಡಿತದ ಹೊಣೆ ಹೊತ್ತುಕೊಳ್ಳುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 40ರಿಂದ 60. ನಿಮ್ಮ ತಂದೆಯ 38 ಅದಕ್ಕೆ ಹತ್ತಿರವೇ ಇದೆ. ಇಂಥ ಬಡಿತ ಇಸಿಜಿಯಲ್ಲಿ ಸಣ್ಣ, ಚೂಪಾದ ಗೆರೆಯಾಗಿ ಕಾಣುತ್ತದೆ. ಸಾಕಷ್ಟು ನೆಚ್ಚಬಹುದಾದ ಬಡಿತ ಅದು.

ಭಾವನ ಅಣ್ಣನ ಕಥೆ ಬೇರೆ. ‘ಆಂಟೀರಿಯರ್’ ಎಂದರೆ ಮುಂಭಾಗದ ಗೋಡೆ, ಅಂದರೆ ಎಲ್‌ಎಡಿ. ಈ ನಾಳದಿಂದ ನಡುಗೋಡೆಯೊಳಗೆ ಇಳಿಯುವ ಸಣ್ಣ ಕವಲುಗಳೇ ಬಲ ಕವಲಿಗೂ ಎಡ ಕವಲಿನ ಮುಂಭಾಗಕ್ಕೂ ರಕ್ತ ಕೊಡುವುದು. ಎಲ್‌ಎಡಿ ಮುಚ್ಚಿ ಸಂಕೇತ ಪೂರ್ತಿ ತಡೆಯಾಗಬೇಕಾದರೆ ನಡುಗೋಡೆಯ ದೊಡ್ಡ ಭಾಗಕ್ಕೇ ಹಾನಿಯಾಗಿರಬೇಕು. ಆಗ ಬಡಿತದ ಹೊಣೆ ತೀರ ಕೆಳಗಿನ ಎಳೆಗಳ ಮೇಲೆ ಬೀಳುತ್ತದೆ. ನಿಮಿಷಕ್ಕೆ 20ರಿಂದ 40, ಇಸಿಜಿಯಲ್ಲಿ ಅಗಲ ಗೆರೆ, ಯಾವಾಗ ನಿಂತೀತು ಎಂದು ಹೇಳಲಾಗದು. ಈ ತಡೆ ಸರಿಹೋಗುವ ಸಾಧ್ಯತೆಯೂ ಕಡಿಮೆ. ಅಲ್ಲಿ ಬೇಗ ತೀರ್ಮಾನ ಮಾಡಿದ್ದಕ್ಕೆ ಕಾರಣವಿತ್ತು, ಇಲ್ಲಿ ಕಾಯುವುದಕ್ಕೂ ಕಾರಣವಿದೆ. ಮುಂಭಾಗದ ಅಟ್ಯಾಕ್‌ನಲ್ಲಿ ಹೆಚ್ಚಿನ ಅಪಾಯ ಬರುವುದು ಸತ್ತ ಮಾಂಸಖಂಡದಿಂದ. ಪೇಸ್‌ಮೇಕರ್ ನಾಡಿಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಆ ಖಂಡವನ್ನು ಬದುಕಿಸುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ತಾತ್ಕಾಲಿಕ ತಂತಿ ಇಟ್ಟುಕೊಂಡು ಕಾಯುವುದು ಒಂದು. ಯುರೋಪಿನ 2021ರ ಮಾರ್ಗಸೂಚಿ ಅಟ್ಯಾಕ್ ಆದ ಮೇಲೆ ಕನಿಷ್ಠ 5 ದಿನ ಕಾದು, ಆಮೇಲೂ ತಡೆ ಹೋಗದಿದ್ದರೆ ಶಾಶ್ವತ ಪೇಸ್‌ಮೇಕರ್ ಹಾಕಿ ಎನ್ನುತ್ತದೆ. ಅಮೆರಿಕದ 2018ರ ಮಾರ್ಗಸೂಚಿಯೂ ಕಾಯಲು ಹೇಳುತ್ತದೆ. ತಡೆ ತಾನಾಗಿ ಹೋದವರಿಗೆ ಶಾಶ್ವತ ಪೇಸ್‌ಮೇಕರ್ ಹಾಕಬೇಡಿ ಎಂದೂ ಹೇಳುತ್ತದೆ. ಹಾಗೆಂದು ಕಾಯುವುದರಲ್ಲಿ ಅಪಾಯ ಇಲ್ಲವೆಂದಲ್ಲ. ತೊಡೆಯ ತಂತಿಯ ಜಾಗದಲ್ಲಿ ಸೋಂಕು ಬರಬಹುದು. ಕಾಲು ಆಡಿಸಿದರೆ ತಂತಿ ಸರಿಯಬಹುದು. ಮಲಗಿಯೇ ಇರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅಪರೂಪಕ್ಕೆ ತಂತಿಯ ತುದಿ ಹೃದಯದ ಗೋಡೆಯನ್ನು ತೂತು ಮಾಡುತ್ತದೆ. ಇನ್ನೂ ಜಾಸ್ತಿ ದಿನ ಬೇಕಾದರೆ ಕುತ್ತಿಗೆಯ ಮೂಲಕ ತಿರುಪಿನಂತೆ ಕಚ್ಚಿಕೊಳ್ಳುವ ತಂತಿ ಇಟ್ಟು, ರೋಗಿ ಎದ್ದು ಓಡಾಡುವಂತೆ ಮಾಡುವ ಕ್ರಮವೂ ಇದೆ. ಆರನೇ ದಿನಕ್ಕೂ ತಡೆ ಹಾಗೇ ಇದ್ದರೆ ಇದರ ಬಗ್ಗೆ ಖಂಡಿತ ಕೇಳಿ.

ಈಗಲೇ ಶಾಶ್ವತ ಪೇಸ್‌ಮೇಕರ್ ಹಾಕಿಸುವುದು ಇನ್ನೊಂದು. ನಿಮ್ಮ ತಂದೆ ಸ್ಟೆಂಟ್‌ಗಾಗಿ ರಕ್ತ ತೆಳುವಾಗಿಸುವ ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರಬೇಕು. ಅವನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟೀತು. ಆ ಮಾತ್ರೆಗಳ ಮೇಲೆ ಎದೆಯಲ್ಲಿ ಜೇಬು ಮಾಡಿ ಯಂತ್ರ ಇಟ್ಟರೆ ಅಲ್ಲಿ ರಕ್ತ ಕಟ್ಟುವ ಸಾಧ್ಯತೆ ಜಾಸ್ತಿ. ಕಟ್ಟಿದ ರಕ್ತ ಸೋಂಕಿಗೆ ದಾರಿ. ಸಕ್ಕರೆ ಕಾಯಿಲೆ ಮತ್ತು ಆಗಲೇ ಇರುವ ತಾತ್ಕಾಲಿಕ ತಂತಿ ಎರಡೂ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತವೆ. ಒಮ್ಮೆ ಸೋಂಕಾದರೆ ಯಂತ್ರ, ತಂತಿ ಎಲ್ಲ ಹೊರತೆಗೆಯಬೇಕಾಗಬಹುದು. ಅದು ಹಾಕುವುದಕ್ಕಿಂತ ಬಹಳ ಕಷ್ಟದ ಕೆಲಸ. ಇಷ್ಟೆಲ್ಲ ಆಗಿ, ಹಾಕಿದ ಮೂರನೇ ದಿನ ನಾಡಿ ತಾನೇ ಸರಿಹೋದರೆ? ಬೇಡದ ಯಂತ್ರ ಜೀವನಪೂರ್ತಿ ಎದೆಯಲ್ಲಿ ಉಳಿಯುತ್ತದೆ. ಎಂಟರಿಂದ ಹನ್ನೆರಡು ವರ್ಷಕ್ಕೊಮ್ಮೆ ಬ್ಯಾಟರಿಗಾಗಿ ಮತ್ತೆ ಆಪರೇಷನ್.

ಕಾದು ನೋಡಿದ ಮೇಲೂ ತಡೆ ಉಳಿದರೆ ಹಿಂಜರಿಯಬೇಡಿ, ಹಾಕಿಸಿ. ಆಗ ಅದು ನಿಮ್ಮ ತಂದೆಗೆ ನಿಜವಾಗಿ ಬೇಕಾದ ಯಂತ್ರ. ಹೃದಯದ ಪಂಪ್ ಮಾಡುವ ಶಕ್ತಿ ಎಷ್ಟಿದೆ ಎಂದು ಕೇಳಿಕೊಳ್ಳಿ. ಅದು ಕಡಿಮೆಯಿದ್ದರೆ ತಂತಿಯನ್ನು ಎಡ ಕವಲಿನ ಹತ್ತಿರವೇ ಕೂರಿಸುವ ಹೊಸ ವಿಧಾನ ಸಾಧ್ಯವಾ ಎಂದು ವಿಚಾರಿಸಿ. ಬಲ ಕೋಣೆಯ ತುದಿಯಿಂದ ಸದಾ ಬಡಿಸುತ್ತಿದ್ದರೆ ಕೆಲವರಲ್ಲಿ ವರ್ಷಗಳು ಕಳೆದಂತೆ ಹೃದಯ ದುರ್ಬಲವಾಗುತ್ತದೆ. ಅದನ್ನು ತಪ್ಪಿಸುವುದಕ್ಕೆ ಈ ವಿಧಾನ.

ಕೆಲವು ಸಂದರ್ಭಗಳಲ್ಲಿ ಕಾಯುವುದು ಸರಿಯಲ್ಲ. ಇಸಿಜಿಯಲ್ಲಿ ಗೆರೆ ಅಗಲವಾಗಿದ್ದರೆ, ಒಮ್ಮೆ ಬಲ ಒಮ್ಮೆ ಎಡ ಕವಲಿನ ತಡೆ ಅದಲು ಬದಲಾಗಿ ಬರುತ್ತಿದ್ದರೆ, ಯಂತ್ರದ ವೇಗ ಇಳಿಸಿದಾಗ ಹೃದಯದ ಸ್ವಂತ ಬಡಿತ ಬಾರದೇ ಇದ್ದರೆ ಡಾಕ್ಟರು ಲೆಕ್ಕ ಬದಲಿಸುತ್ತಾರೆ. ದಿನಕ್ಕೊಮ್ಮೆ ವೇಗ ಇಳಿಸಿ ಒಳಗಿನ ಬಡಿತ ಎಷ್ಟಿದೆ ಎಂದು ನೋಡುವುದು ವಾಡಿಕೆ. ‘ಇವತ್ತು ಸ್ವಂತ ಬಡಿತ ಎಷ್ಟಿತ್ತು, ಗೆರೆ ಸಣ್ಣಗಿದೆಯಾ ಅಗಲ ಇದೆಯಾ’ ಎಂದು ಸಂಜೆ ರೌಂಡ್ಸ್‌ನಲ್ಲಿ ಕೇಳಿ. ಈ ಎರಡು ಉತ್ತರದಿಂದ ನಿಮಗೆ ಬಹುಪಾಲು ವಿಷಯ ತಿಳಿಯುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಪ್ರತಿ ಮನೆಯವರಿಗೂ ಹೇಳುತ್ತೇನೆ. ಅವರು ತೆಗೆದುಕೊಳ್ಳುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿ ತಂದು ತೋರಿಸಿ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮತ್ತು ಡಿಲ್ಟಿಯಾಜೆಮ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಎವಿ ನೋಡ್ ಅನ್ನು ನಿಧಾನ ಮಾಡುತ್ತವೆ. ಕಣ್ಣಿನ ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್. ಕಣ್ಣಿಗೆ ಬಿಟ್ಟ ಹನಿ ಮೂಗಿನೊಳಗಿಂದ ರಕ್ತಕ್ಕೆ ಸೇರಿ ನಾಡಿ ಇಳಿಸಬಲ್ಲದು. ಕಣ್ಣಿನ ಹನಿಯನ್ನು ಔಷಧಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ ಇದು ತಪ್ಪಿ ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೂ ನಾಡಿ ಬೀಳುತ್ತದೆ. ರೋಗಿಗೆ ಶಕ್ತಿ ಬರಲಿ ಎಂದು ನಮ್ಮ ಕಡೆ ದಿನಾ ಎಳನೀರು ತಂದು ಕುಡಿಸುತ್ತೇವೆ. ಕಿಡ್ನಿ ಸ್ವಲ್ಪ ದುರ್ಬಲವಾಗಿದ್ದು, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ನಡೆಯುತ್ತಿದ್ದರೆ ಎಳನೀರಿನ ಪೊಟ್ಯಾಸಿಯಂ ಹೊರಗೆ ಹೋಗದೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ತೊಂದರೆ ಸಾಮಾನ್ಯ. ನಿಮ್ಮ ತಂದೆಯ ಪೊಟ್ಯಾಸಿಯಂ ಮತ್ತು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ವರದಿ ನೋಡಿ ಡಾಕ್ಟರು ಒಪ್ಪಿದ ಮೇಲಷ್ಟೇ ಎಳನೀರು ಕೊಡಿ.

ಪೇಸ್‌ಮೇಕರ್‌ನಿಂದ ಹೃದಯ ಸೋಮಾರಿಯಾಗುತ್ತದೆ ಎಂಬುದು ನಿಜವಲ್ಲ. ಯಂತ್ರ ಪ್ರತಿ ಬಡಿತವನ್ನೂ ಗಮನಿಸುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ಮಾತ್ರ ಸಂಕೇತ ಕೊಡುತ್ತದೆ. ಕೆಲವರು ವರ್ಷಗಳ ನಂತರ ಪೂರ್ತಿ ಯಂತ್ರದ ಮೇಲೆ ನಿಲ್ಲುತ್ತಾರೆ. ಅದಕ್ಕೆ ಕಾರಣ ಅವರ ವಿದ್ಯುತ್ ದಾರಿಯ ಕಾಯಿಲೆ ಮುಂದುವರಿದದ್ದು, ಯಂತ್ರ ಅಭ್ಯಾಸವಾದದ್ದಲ್ಲ. ಶರೀರದೊಳಗೆ ಪೂರ್ತಿ ಅಳವಡಿಸಿದ ಮೊದಲ ಪೇಸ್‌ಮೇಕರ್ ಅನ್ನು 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಹಾಕಿದರು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು ಅವರು 86 ವರ್ಷ ಬದುಕಿದರು. ಯಂತ್ರ ಕಟ್ಟಿದ ಎಂಜಿನಿಯರ್, ಅದನ್ನು ಹಾಕಿದ ಸರ್ಜನ್ ಇಬ್ಬರಿಗಿಂತಲೂ ಹೆಚ್ಚು ಕಾಲ ಬಾಳಿದರು.

ಪಂಪ್‌ಸೆಟ್ ವಿಷಯ. ಸ್ಟಾರ್ಟರ್ ಒತ್ತಿ ಮೋಟರ್ ಹಾಕುವುದರಿಂದ ತೊಂದರೆಯಿಲ್ಲ. ಓಡುತ್ತಿರುವ ಮೋಟರಿಗೆ ಎದೆ ಒತ್ತಿಕೊಂಡು ಬಗ್ಗುವುದು ಬೇಡ, ಒಂದೆರಡು ಅಡಿ ದೂರ ಇದ್ದರೆ ಸಾಕು. ವೆಲ್ಡಿಂಗ್ ಮಾಡುವುದಾದರೆ ಮೊದಲು ಡಾಕ್ಟರನ್ನು ಕೇಳಬೇಕು. ಮೊಬೈಲ್ ಬಳಸಬಹುದು. ಯಂತ್ರದಿಂದ 15 ಸೆಂಟಿಮೀಟರ್ ದೂರ ಇರಲಿ, ಆ ಬದಿಯ ಅಂಗಿ ಜೇಬಿನಲ್ಲಿ ಇಡುವುದು ಬೇಡ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಮಿಕ್ಸಿ, ಟಿವಿ, ಫ್ಯಾನ್‌ಗೆ ಯಾವ ನಿರ್ಬಂಧವೂ ಇಲ್ಲ. ಹಾಕಿದ ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ಕೈಯನ್ನು ಭುಜದಿಂದ ಮೇಲೆ ಎತ್ತಬಾರದು, ಭಾರ ಎತ್ತಬಾರದು. ಹಾಗೆಂದು ಕೈ ಆಡಿಸದೇ ಇದ್ದರೆ ಭುಜ ಬಿಗಿದುಕೊಳ್ಳುತ್ತದೆ. ಸೊಂಟದ ಮಟ್ಟದ ಕೆಲಸಗಳನ್ನು ಮಾಡುತ್ತಿರಲಿ.

ಕೊನೆಗೆ ನಿಮ್ಮ ಆರ್‌ಬಿಬಿಬಿ. ಬಲ ಕವಲಿನಲ್ಲಿ ಸಂಕೇತ ತಡವಾಗುತ್ತಿದೆ ಎಂದು ಅದರ ಅರ್ಥ. ಆಗಲೇ ಹೇಳಿದೆನಲ್ಲ, ಅದು ಸಪೂರ ದಾರ. ಒಳಪದರದ ಹತ್ತಿರವೇ ಬಹಳ ದೂರ ಸಾಗುವುದರಿಂದ ಸಣ್ಣ ಕಾರಣಕ್ಕೂ ಅಲ್ಲಿ ತಡೆ ಬರುತ್ತದೆ. ಆರೋಗ್ಯವಂತರ ಇಸಿಜಿಯಲ್ಲೂ ಇದು ಕಾಣುವುದುಂಟು. ಎಡ ಕವಲು ಕೆಲಸ ಮಾಡುತ್ತಿರುವುದರಿಂದ ಬಲಕ್ಕೂ ಸಂಕೇತ ಸುತ್ತಿಕೊಂಡು ತಲುಪುತ್ತದೆ. ತಲೆಸುತ್ತಿ ಬಿದ್ದದ್ದು, ಏದುಸಿರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಇವು ಯಾವುದೂ ಇಲ್ಲದೆ ಎಕೋ (ಹೃದಯದ ಸ್ಕ್ಯಾನ್) ಸಾಮಾನ್ಯವಾಗಿದ್ದರೆ ಇದಕ್ಕೆ ಚಿಕಿತ್ಸೆ ಬೇಡ. ಒಮ್ಮೆ ಹೃದ್ರೋಗ ತಜ್ಞರಿಗೆ ಆ ಇಸಿಜಿ ತೋರಿಸಿ. ಬ್ರುಗಾಡಾ ಎಂಬ ಬೇರೆ ತೊಂದರೆಯೂ ಮೇಲ್ನೋಟಕ್ಕೆ ಹೀಗೇ ಕಾಣುತ್ತದೆ, ಅದಲ್ಲ ಎಂದು ಖಚಿತವಾಗಲಿ. ತಂದೆಯ ಹಾರ್ಟ್ ಬ್ಲಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ಅವರದು ಬಲ ರಕ್ತನಾಳದ ಹೆಪ್ಪಿನಿಂದ ಬಂದದ್ದು. ಅವರಿಂದ ನಿಮಗೆ ಬರಬಹುದಾದದ್ದು ಸಕ್ಕರೆ ಕಾಯಿಲೆ ಮತ್ತು ರಕ್ತನಾಳ ಕಟ್ಟುವ ಗುಣ. ಈ ವರ್ಷವೇ ಸಕ್ಕರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬಿಪಿ ನೋಡಿಸಿ. ಆ ಇಸಿಜಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಎದೆನೋವೆಂದು ಆಸ್ಪತ್ರೆಗೆ ಹೋದರೆ, ಈ ತಡೆ ಹಳೆಯದೋ ಹೊಸದೋ ಎಂದು ಅಲ್ಲಿನ ಡಾಕ್ಟರಿಗೆ ತಕ್ಷಣ ಗೊತ್ತಾಗುತ್ತದೆ.